ಚಂದದ ಫೋಟೋ ಯಾಕೆ ಮಾರಾಟವಾಗುವುದಿಲ್ಲ?

ಪ್ರಶ್ನೆ: ಸೋಮವಾರಪೇಟೆ ಕಡೆ ನಮ್ಮದು ಸಣ್ಣ ಕಾಫಿ ತೋಟ. ಫೋಟೋ ತೆಗೆಯುವ ಹುಚ್ಚು ಮೊದಲಿಂದಲೂ ಇದೆ. ಈಗ ಕೆಲವು ತಿಂಗಳಿಂದ ಸ್ಟಾಕ್ ಸೈಟುಗಳಿಗೆ, ಅಂದರೆ ಜಾಹೀರಾತು, ಪತ್ರಿಕೆಯವರಿಗೆ ಚಿತ್ರ ಮಾರುವ ವೆಬ್‌ಸೈಟುಗಳಿಗೆ, ಚಿತ್ರ ಹಾಕುತ್ತಿದ್ದೇನೆ. ತೋಟ, ಮಂಜು, ಬೆಟ್ಟ, ಅಡುಗೆ, ಹಬ್ಬ ಎಲ್ಲವೂ ಇವೆ. ನೋಡಿದವರು ಚೆನ್ನಾಗಿದೆ ಅನ್ನುತ್ತಾರೆ. ಸೈಟಿನವರೂ ಒಪ್ಪಿಕೊಳ್ಳುತ್ತಾರೆ. ಆದರೆ ಕೊಳ್ಳುವವರೇ ಇಲ್ಲ. ಗೆಳೆಯರೊಬ್ಬರು 'ಚಿತ್ರ ಸಿಂಪಲ್ ಆಗಿರಬೇಕು' ಅಂದರು. ಅಂದರೆ ಬಿಳಿ ಹಿನ್ನೆಲೆಯಲ್ಲಿ ಒಂದು ವಸ್ತು ಇಡುವುದಾ? ಹಾಗೆ ಮಾಡಿದರೆ ಕೊಡಗಿನದು ಅಂತ ಹೇಗೆ ಗೊತ್ತಾಗುತ್ತದೆ? ಮೂರು ಚಿತ್ರ ಕಳಿಸಿದ್ದೇನೆ, ನೋಡಿ ಹೇಳಿ. ನನ್ನ ಕ್ಯಾಮೆರಾ ಹಳೆಯದು, 24 ಮೆಗಾಪಿಕ್ಸೆಲ್. ಹೊಸದು ತಗೊಳ್ಳಬೇಕಾ?

ಉತ್ತರ: ಮೂರೂ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ತೆರೆದು ನೋಡಿದೆ. ಫೋಕಸ್ ಸರಿ ಇದೆ, ಬೆಳಕು ಸರಿ ಇದೆ, ಬಣ್ಣ ಅತಿಯಾಗಿಲ್ಲ. ಫ್ರೇಮ್ ಹಾಕಿಸಿ ಮನೆಯಲ್ಲಿ ತೂಗುಹಾಕಬಹುದು. ಸೈಟಿನವರು ಒಪ್ಪಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ. ಅವರು ನೋಡುವುದು ಹೆಚ್ಚಾಗಿ ತಾಂತ್ರಿಕ ದೋಷ, ಬ್ರ್ಯಾಂಡ್ ಹೆಸರು, ಹಕ್ಕಿನ ತಕರಾರು ಇಂಥವನ್ನು. ಆ ಚಿತ್ರ ಯಾರಿಗೆ ಬೇಕು, ಯಾಕೆ ಬೇಕು ಅನ್ನುವುದು ಅವರ ತಲೆನೋವಲ್ಲ.

ನಾನು ಫೋಟೋ ತೆಗೆಯುವುದಕ್ಕಿಂತ ಕೊಳ್ಳುವ ಕೆಲಸವನ್ನೇ ಜಾಸ್ತಿ ಮಾಡಿದವನು. ಮಡಿಕೇರಿಯಲ್ಲಿ ಕೂತು ಕಾಫಿ ಪುಡಿ ಪ್ಯಾಕೆಟ್, ಜೇನಿನ ಬಾಟಲಿ ಲೇಬಲ್, ಹೋಂಸ್ಟೇ ಬೋರ್ಡು, ಕರಪತ್ರ ಇಂಥವುಗಳ ಡಿಸೈನ್ ಮಾಡುತ್ತೇನೆ. ಹಾಗಾಗಿ ಕೊಳ್ಳುವವನ ಕಡೆಯಿಂದಲೇ ಉತ್ತರ ಹೇಳುತ್ತೇನೆ.

ಚಿತ್ರ ಹುಡುಕಲು ಕೂರುವಾಗ ನನ್ನ ಹತ್ತಿರ ಮಾತು ಆಗಲೇ ಇರುತ್ತದೆ. 'ಹೊಸ ಬೆಳೆಯ ಕಾಫಿ ಬಂದಿದೆ' ಅಂತ ಗಿರಾಕಿ ಬರೆದುಕೊಟ್ಟಿರುತ್ತಾರೆ. ಅದಕ್ಕೆ ಜೊತೆಯಾಗುವ ಚಿತ್ರ ಬೇಕು. ಕಾಫಿ ಕೊಯ್ಲು ಅಂತ ಹುಡುಕಿದರೆ ಪರದೆ ತುಂಬ ಅಂಚೆಚೀಟಿ ಗಾತ್ರದ ಚಿತ್ರಗಳು ಬಂದು ನಿಲ್ಲುತ್ತವೆ. ಕಣ್ಣು ಸರಸರ ಓಡುತ್ತದೆ. ಆ ಗಾತ್ರದಲ್ಲೇ ಏನು ಅಂತ ತಿಳಿದದ್ದನ್ನು ಮಾತ್ರ ತೆರೆಯುತ್ತೇನೆ. ತೆರೆದ ಮೇಲೆ ನನಗೆ ಬೇಕಾದದ್ದು ಒಂದೇ: ಅಕ್ಷರ ಕೂರಿಸಲು ಜಾಗ. ಅದು ಇಲ್ಲದಿದ್ದರೆ ಎಷ್ಟೇ ಚಂದ ಇದ್ದರೂ ಮುಂದಕ್ಕೆ ಹೋಗುತ್ತೇನೆ. ನಿಮ್ಮ ಚಿತ್ರಗಳು ಹೇಳಬೇಕಾದ್ದನ್ನೆಲ್ಲ ತಾವೇ ಹೇಳಿ ಮುಗಿಸಿಬಿಟ್ಟಿವೆ. ನನ್ನ ಗಿರಾಕಿಯ ಮಾತಿಗೆ ಅಲ್ಲಿ ಎಡೆಯೇ ಇಲ್ಲ. ನಿಮ್ಮ ಗೆಳೆಯರು ಸಿಂಪಲ್ ಅಂದದ್ದು ಬಹುಶಃ ಇದನ್ನೇ.

ನಿಮಗೆ ಖಂಡಿತ ಗೊತ್ತಿರುವ ಒಂದು ಚಿತ್ರ ತೆಗೆದುಕೊಳ್ಳೋಣ. ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಆನ್ ಮಾಡಿದರೆ ಬರುತ್ತಿದ್ದ ಹಸಿರು ಗುಡ್ಡ, ನೀಲಿ ಆಕಾಶ. ಅದರ ಹೆಸರು 'ಬ್ಲಿಸ್'. ಚಾರ್ಲ್ಸ್ ಓರಿಯರ್ ಎಂಬ ಅಮೆರಿಕದ ಛಾಯಾಗ್ರಾಹಕರು 1996ರಲ್ಲಿ ಕ್ಯಾಲಿಫೋರ್ನಿಯಾದ ಸೊನೋಮಾ ಕೌಂಟಿಯಲ್ಲಿ, ರಸ್ತೆ ಬದಿ ಕಾರು ನಿಲ್ಲಿಸಿ, ಫಿಲ್ಮ್‌ನಲ್ಲಿ ತೆಗೆದದ್ದು. ಸ್ಟಾಕ್ ಏಜೆನ್ಸಿಗೆ ಕೊಟ್ಟಿದ್ದರು. ಮೈಕ್ರೋಸಾಫ್ಟ್ ಅದರ ಹಕ್ಕು ಕೊಂಡು 2001ರಲ್ಲಿ ಬಂದ ಎಕ್ಸ್‌ಪಿಗೆ ಹಾಕಿತು. ಆ ಗುಡ್ಡದ ಹಿಂದಿನ ಕಥೆ ತೋಟದವರಾದ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ ಮೊದಲು ಇದ್ದದ್ದು ದ್ರಾಕ್ಷಿ. ಫಿಲಾಕ್ಸೆರಾ ಎಂಬ ಬೇರು ಹಾಳುಮಾಡುವ ಕೀಟ ಬಂದು ಬಳ್ಳಿಗಳನ್ನು ಕಿತ್ತುಹಾಕಬೇಕಾಯಿತು. ನಮ್ಮಲ್ಲಿ ಬಿಳಿ ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡಗಳನ್ನು ಕಿತ್ತು ಸುಡುತ್ತೇವಲ್ಲ, ಹಾಗೆ. ಬಳ್ಳಿ ಹೋದ ಮೇಲೆ ಹುಲ್ಲು ಬಂತು. ಕಂಬ ಇಲ್ಲ, ತಂತಿ ಇಲ್ಲ, ಸಾಲು ಇಲ್ಲ. ಬಳ್ಳಿ ಇದ್ದಿದ್ದರೆ ಅದು ವೈನ್ ಕಂಪನಿಗೆ ಬೇಕಾದ ಚಿತ್ರ ಆಗುತ್ತಿತ್ತೇನೋ. ಬರೀ ಹುಲ್ಲು ಇದ್ದದ್ದರಿಂದ ಅದರ ಮೇಲೆ ಫೋಲ್ಡರುಗಳನ್ನು ಎಲ್ಲಿ ಇಟ್ಟರೂ ಹೆಸರು ಓದಲು ಬರುತ್ತಿತ್ತು. ಡೆಸ್ಕ್‌ಟಾಪಿಗೆ ಬೇಕಾದ ಗುಣ ಅದು. ಚಿತ್ರ ಚಂದ ಅನ್ನುವುದು ಆಮೇಲಿನ ಮಾತು.

ಈಗ ನಿಮ್ಮ ಮೊದಲ ಚಿತ್ರ, ಕೊಯ್ಲಿನದು. ಅದರಲ್ಲಿ ನನಗೆ ಕಂಡದ್ದು ಇಷ್ಟು: ಹಣ್ಣು ಕೊಯ್ಯುತ್ತಿರುವ ಇಬ್ಬರು ಹೆಂಗಸರು, ಒಬ್ಬರ ಸೊಂಟಕ್ಕೆ ಕಟ್ಟಿದ ಚೀಲ, ನೆಲಕ್ಕೆ ಹಾಸಿದ ನೀಲಿ ಟಾರ್ಪಲ್, ಗೊಬ್ಬರದ ಕಂಪನಿಯ ಹೆಸರಿರುವ ಬಿಳಿ ಚೀಲ, ಒಳ್ಳೆಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಗಳು, ಹಿಂದೆ ಒಂದು ಸ್ಕೂಟರಿನ ಅರ್ಧ ಭಾಗ, ಎಲೆಗಳ ಸಂದಿಯಲ್ಲೆಲ್ಲ ಬಿಸಿಲಿನ ಬಿಳಿ ಚುಕ್ಕೆ. ಕೊಯ್ಲಿನ ದಿನ ತೋಟ ಹಾಗೇ ಇರುತ್ತದೆ, ಸುಳ್ಳೇನಲ್ಲ. ಆದರೆ ಚಿತ್ರವನ್ನು ಸಣ್ಣದು ಮಾಡಿ ನೋಡಿ. ಮೊದಲು ಕಾಣುವುದು ಟಾರ್ಪಲ್. ಅಷ್ಟು ಹಸಿರಿನ ನಡುವೆ ಆ ನೀಲಿ ಕೂಗಿ ಕರೆಯುತ್ತದೆ. ಆಮೇಲೆ ಚೀಲದ ಮೇಲಿನ ಅಕ್ಷರ. ಆಮೇಲೆ ಮುಖಗಳು. ಹಣ್ಣಿನ ಸರದಿ ಬರುವಷ್ಟರಲ್ಲಿ ನಾನು ಬೇರೆ ಚಿತ್ರಕ್ಕೆ ಹೋಗಿರುತ್ತೇನೆ.

ಕಣ್ಣು ಎಲ್ಲಿಗೆ ಹೋಗುತ್ತದೆ ಅಂತ ಹೆಚ್ಚುಕಡಿಮೆ ಮೊದಲೇ ಹೇಳಬಹುದು. ಮುಖ ಇದ್ದರೆ ಮುಖಕ್ಕೆ, ಅಕ್ಷರ ಇದ್ದರೆ ಅಕ್ಷರಕ್ಕೆ. ಎರಡೂ ಇಲ್ಲದಿದ್ದರೆ ತುಂಬ ಹೊಳೆಯುವ ಜಾಗಕ್ಕೆ, ಇಲ್ಲವೇ ಸುತ್ತಲಿನದಕ್ಕೆ ಹೊಂದದ ಬಣ್ಣಕ್ಕೆ. ಈ ನಾಲ್ಕು ನಿಮ್ಮ ವಿಷಯದ ಮೇಲೇ ಬಿದ್ದಿದ್ದರೆ ಚಿತ್ರ ಸ್ಪಷ್ಟ. ಬೇರೆ ಕಡೆ ಬಿದ್ದಿದ್ದರೆ ಎಷ್ಟು ಶಾರ್ಪ್ ಇದ್ದರೂ ಗೊಂದಲ.

ಇದಕ್ಕೆ ನಾನು ಹೇಳುವ ಉಪಾಯ ತಲೆಕೆಳಗಾದದ್ದು. ಸೈಟಿಗೆ ಹಾಕುವಾಗ ಶೀರ್ಷಿಕೆ ಬರೆಯುತ್ತೀರಲ್ಲ, ಅದನ್ನು ತೋಟಕ್ಕೆ ಹೋಗುವ ಮೊದಲೇ ಬರೆಯಿರಿ. 'ಹಣ್ಣಾದ ರೋಬಸ್ಟಾ ಕೊಯ್ಯುತ್ತಿರುವ ಕೈ'. ಅಷ್ಟೇ. ಆ ಸಾಲಿನಲ್ಲಿ ಟಾರ್ಪಲ್ ಇಲ್ಲ, ಸ್ಕೂಟರ್ ಇಲ್ಲ, ಎರಡನೇ ಹೆಂಗಸು ಇಲ್ಲ. ಸಾಲಿನಲ್ಲಿ ಇಲ್ಲದ್ದು ಫ್ರೇಮಿನಲ್ಲೂ ಬೇಡ. ಎರಡನೇ ಹೆಂಗಸಿನ ಚಿತ್ರ ಬೇಕಿದ್ದರೆ ಅದಕ್ಕೆ ಬೇರೆ ಸಾಲು, ಬೇರೆ ಚಿತ್ರ.

ಇದೇ ಗಿಡದ ಹತ್ತಿರ ಮತ್ತೆ ನಿಂತುಕೊಳ್ಳಿ. ಬಿಸಿಲು ಏರುವ ಮೊದಲು ಹೋಗಿ, ಇಲ್ಲವೇ ಮೋಡ ಇರುವ ದಿನ ನೋಡಿ ಹೋಗಿ. ನೆರಳಿನ ತೋಟದಲ್ಲಿ ಹತ್ತು ಗಂಟೆಯ ಬಿಸಿಲು ಬಂತು ಅಂದರೆ ಆ ಬಿಳಿ ಚುಕ್ಕೆಗಳಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ರೆಂಬೆಯ ಹಿಂದೆ ದೂರದಲ್ಲಿ ಕತ್ತಲೆ ನೆರಳು ಬರುವ ಹಾಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಹಿನ್ನೆಲೆ ಸ್ವಚ್ಛವಾಗುವುದು ಎಡಿಟಿಂಗ್‌ನಿಂದಲ್ಲ, ಹೆಚ್ಚಾಗಿ ಈ ಎರಡು ಹೆಜ್ಜೆಯಿಂದ. 85 ಅಥವಾ 100 ಮಿಲಿಮೀಟರ್ ಲೆನ್ಸ್ ಇದ್ದರೆ ಹಾಕಿ, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 2.8ರಿಂದ 4ರ ಒಳಗೆ ಇಡಿ. ಫೋಕಸ್ ಬೆರಳ ತುದಿ ಹಣ್ಣನ್ನು ಮುಟ್ಟುವ ಜಾಗಕ್ಕೆ. ಕೆಂಪು ಮತ್ತು ಹಸಿರು ಒಂದಕ್ಕೊಂದು ಎದುರಾದ ಬಣ್ಣಗಳು. ಬೇರೆ ಬಣ್ಣ ಏನೂ ಬೇಡ, ಹಣ್ಣು ತಾನಾಗಿ ಎದ್ದು ಕಾಣುತ್ತದೆ. ಕೊಯ್ಯುವವರ ಕೈಯಲ್ಲಿ ಕೆಂಪು ಬಳೆ ಇದ್ದರೆ ಅದು ಹಣ್ಣಿನ ಜೊತೆ ಜಗಳಕ್ಕೆ ಬರುತ್ತದೆ. ಬಳೆ ತೆಗೆಯಿರಿ ಅಂತ ಹೇಳಬೇಡಿ, ಮಣಿಕಟ್ಟಿನ ಈಚೆಗೇ ಫ್ರೇಮ್ ಮುಗಿಸಿ. ಕೈಗೆ ಹತ್ತಿದ ಕಲೆಯನ್ನೂ ತೊಳೆಸಬೇಡಿ. ತೊಳೆದ ಕೈ ಕೊಯ್ಲಿನ ಕೈಯಂತೆ ಕಾಣುವುದಿಲ್ಲ.

ಆ ಕೈಯಲ್ಲಿ ಏನೇನಿದೆ ಅಂತಲೂ ನೋಡಿ. ಇದು ಬೇರೆ ಊರಿನ ಫೋಟೋಗ್ರಾಫರುಗಳಿಗೆ ಹೊಳೆಯುವುದಿಲ್ಲ, ನಿಮಗೆ ಹೊಳೆಯಬೇಕು. ಕೆಂಪು ಹಣ್ಣಿನ ಜೊತೆ ನಾಲ್ಕು ಹಸಿರು ಕಾಯಿ ಇದ್ದರೆ ಬಣ್ಣಕ್ಕೆ ಚಂದ ಅನ್ನಿಸಬಹುದು. ಆದರೆ ಕಾಫಿ ಗೊತ್ತಿರುವವರಿಗೆ ಅದು ಹೇಳುವುದು 'ಇಲ್ಲಿ ಕಾಯಿ ಹಣ್ಣು ಎಲ್ಲ ಉದುರಿಸಿ ಕೊಯ್ಯುತ್ತಾರೆ' ಅಂತ. ಒಳ್ಳೆ ಕಾಫಿ ಮಾರುವ ಯಾವ ಕಂಪನಿಯೂ ಆ ಚಿತ್ರ ಮುಟ್ಟುವುದಿಲ್ಲ. ನೀವು ಹೇಳಲು ಹೊರಡದ ಮಾತನ್ನೂ ಚಿತ್ರ ಹೇಳಿಬಿಡುತ್ತದೆ, ಅಲ್ವಾ? ಹಾಗೇ ಅರೇಬಿಕಾ, ರೋಬಸ್ಟಾ ಅದಲುಬದಲು ಮಾಡಬೇಡಿ. ರೋಬಸ್ಟಾದ ಎಲೆ ಅಗಲ, ಹಣ್ಣು ಚಿಕ್ಕದು, ಗಿಣ್ಣಿಗೆ ಗಿಣ್ಣಿಗೆ ಒತ್ತೊತ್ತಾಗಿ ಇರುತ್ತದೆ. ಸ್ಟಾಕ್ ಸೈಟುಗಳಲ್ಲಿ ರೋಬಸ್ಟಾ ಗೊಂಚಲಿಗೆ ಅರೇಬಿಕಾ ಅಂತ ಹೆಸರಿಟ್ಟ ಚಿತ್ರಗಳು ಬೇಕಾದಷ್ಟಿವೆ. ಕೊಡಗು ಅರೇಬಿಕಾಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಪ್ಯಾಕೆಟ್ ಮೇಲೆ ಆ ಹೆಸರು ಹಾಕುವವರಿಗೆ ತಪ್ಪು ಗಿಡದ ಚಿತ್ರ ಕೊಟ್ಟರೆ ಅವರು ಎರಡನೇ ಸಲ ನಿಮ್ಮ ಕಡೆ ತಲೆ ಹಾಕುವುದಿಲ್ಲ.

ಜಾಗ ಬಿಡುವ ವಿಷಯಕ್ಕೆ ಬರುತ್ತೇನೆ. ಎಷ್ಟು ಬಿಡಬೇಕು? ನಾನು ಡಿಸೈನ್ ಮಾಡುವಾಗ ಫ್ರೇಮಿನ ಮೂರನೇ ಒಂದು ಭಾಗವಾದರೂ ಖಾಲಿ ಬೇಕು ಅನ್ನುತ್ತೇನೆ. ಅರ್ಧ ಇದ್ದರೆ ಇನ್ನೂ ಒಳ್ಳೆಯದು. ಕನ್ನಡಕ್ಕಂತೂ ಜಾಸ್ತಿಯೇ ಬೇಕು. ಇಂಗ್ಲಿಷ್ ಸಾಲುಗಳನ್ನು ಹತ್ತಿರ ಹತ್ತಿರ ಇಡಬಹುದು. ಕನ್ನಡದಲ್ಲಿ ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಗುಡಿಸು ಮೇಲಕ್ಕೆ ಏರುತ್ತದೆ. ಎರಡು ಸಾಲು ಒತ್ತಾದರೆ ಒಂದರ ಒತ್ತು ಇನ್ನೊಂದರ ತಲೆಗೆ ತಗಲುತ್ತದೆ. 'ಸ್ವಾತಂತ್ರ್ಯೋತ್ಸವದ ಶುಭಾಶಯಗಳು' ಅಂತ ಎರಡು ಸಾಲಿನಲ್ಲಿ ಹಾಕಿ ನೋಡಿ, ನಾನು ಹೇಳುವುದು ಗೊತ್ತಾಗುತ್ತದೆ. ಹಾಗಾಗಿ ಇಂಗ್ಲಿಷ್ ಪೋಸ್ಟರಿಗೆ ಸಾಕಾಗುವ ಚಿತ್ರ ಕನ್ನಡ ಪೋಸ್ಟರಿಗೆ ಸಾಲದೇ ಬರುತ್ತದೆ. ನಮ್ಮ ಭಾಷೆಯ ಕೆಲಸಕ್ಕೆ ಚಿತ್ರ ಹುಡುಕುವವರು ಇದಕ್ಕೇ ಒದ್ದಾಡುವುದು.

ಖಾಲಿ ಜಾಗ ಅಂದರೆ ಏನೂ ಇಲ್ಲದ ಜಾಗ ಅಂತಲೇ ಆಗಬೇಕಿಲ್ಲ. ಮಸುಕಾದ ಎಲೆ ಇರಲಿ, ಗೋಡೆ ಇರಲಿ, ಆಕಾಶ ಇರಲಿ. ಅಲ್ಲಿ ಬೆಳಕು ಒಂದೇ ಸಮ ಇರಬೇಕು. ಅರ್ಧ ಕಪ್ಪು ಅರ್ಧ ಬಿಳಿ ಇದ್ದರೆ ಬಿಳಿ ಅಕ್ಷರವೂ ಕೆಲಸಕ್ಕೆ ಬರುವುದಿಲ್ಲ, ಕಪ್ಪು ಅಕ್ಷರವೂ ಬರುವುದಿಲ್ಲ. ವೆಬ್‌ಸೈಟ್ ಮಾಡುವವರಿಗೆ ಇದಕ್ಕೆ ಒಂದು ಅಳತೆಯೇ ಇದೆ. ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅಂತರ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಕಣ್ಣು ಮಂಜಾದವರಿಗೂ ಓದಲು ಬರಲಿ ಅಂತ ಮಾಡಿದ ನಿಯಮ. ಬಿಸಿಲು ಚುಕ್ಕೆಯ ಎಲೆಗಳ ಮೇಲೆ ಇದನ್ನು ಸಾಧಿಸಲು ಆಗುವುದೇ ಇಲ್ಲ.

ಒಂದೇ ವಿಷಯವನ್ನು ನಾಲ್ಕು ತರ ತೆಗೆದಿಡಿ. ವಿಷಯ ಎಡಕ್ಕೆ, ವಿಷಯ ಬಲಕ್ಕೆ, ಮೇಲೆ ಜಾಗ ಬಿಟ್ಟು ಉದ್ದಕ್ಕೆ ಒಂದು, ಫ್ರೇಮ್ ತುಂಬ ಒಂದು. ಉದ್ದದ್ದನ್ನು ಮರೆಯಬೇಡಿ. ಈಗ ಜಾಹೀರಾತು ಜಾಸ್ತಿ ನೋಡುವುದು ಫೋನಿನಲ್ಲೇ. ಕಂಪ್ಯೂಟರಿನಲ್ಲಿ ಬಿಗಿಯಾಗಿ ಕ್ರಾಪ್ ಮಾಡಿ ಕಳಿಸಬೇಡಿ. ಬೇಡದ್ದನ್ನು ನಾನು ಕತ್ತರಿಸಿಕೊಳ್ಳುತ್ತೇನೆ, ಇಲ್ಲದ್ದನ್ನು ಎಲ್ಲಿಂದ ತರಲಿ? ಆದರೆ ಅದೇ ಗೊಂಚಲಿನ ಮೂವತ್ತು ಚಿತ್ರ ಸುರಿಯುವುದೂ ಬೇಡ. ಒಂದೇ ತರದ್ದು ಜಾಸ್ತಿಯಾದರೆ ಸೈಟಿನವರು ತಿರಸ್ಕರಿಸುತ್ತಾರೆ.

ಎರಡನೇ ಚಿತ್ರ ಮಾಂದಲಪಟ್ಟಿ ಬೆಟ್ಟದ ಬೆಳಗು. ಜೀಪು, ಸೆಲ್ಫಿ ತೆಗೆಯುವವರು, ಕೆಂಪು ಜಾಕೆಟ್ ಹಾಕಿದ ಹುಡುಗ, ಹಿಂದೆ ಏಳೆಂಟು ಸಾಲು ಬೆಟ್ಟ. ಇದು ಪ್ರವಾಸದ ನೆನಪಿಗೆ ಸರಿ. ಸ್ಟಾಕ್‌ಗೆ ಆಗುವುದಿಲ್ಲ. ಅಲ್ಲಿ ನಿಂತು ನೀವು ಮಾಡಬೇಕಿದ್ದದ್ದು ಜೂಮ್ ಲೆನ್ಸ್ ಹಾಕಿ ಮೂರು ಬೆಟ್ಟದ ಸಾಲನ್ನು ಮಾತ್ರ ಫ್ರೇಮಿನ ಕೆಳಗೆ ಹಿಡಿದು, ಮೇಲೆಲ್ಲ ಆಕಾಶ ಬಿಡುವುದು. 

ಆದರೆ ನಮ್ಮ ಜಿಲ್ಲೆಯಲ್ಲಿ ಸಿಂಪಲ್ ಚಿತ್ರಕ್ಕೆ ಮಾಂದಲಪಟ್ಟಿಗೆ ಹೋಗುವ ಅಗತ್ಯವೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಮನೆ ಬಾಗಿಲಿಗೇ ಬರುತ್ತದೆ. ತೋಟದ ಅಂಚಿನ ಒಂಟಿ ಸಿಲ್ವರ್ ಮರದ ಹಿಂದೆ ಯಾರೋ ಬಿಳಿ ಪರದೆ ಕಟ್ಟಿದ ಹಾಗೆ ಇರುತ್ತದೆ. ಮಂಜಿನ ಹನಿ ಬೆಳಕನ್ನು ಚದುರಿಸುತ್ತದೆ. ದೂರ ಹೋದಷ್ಟೂ ಬಣ್ಣ ತೆಳುವಾಗುತ್ತದೆ, ಗೆರೆ ಕರಗುತ್ತದೆ. ಬೇರೆ ಊರಿನವರು ಸ್ಟುಡಿಯೋದಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಳ್ಳುವ ಕೆಲಸ ನಮಗೆ ಪುಕ್ಕಟೆ. ಕ್ಯಾಮೆರಾ ಮಾತ್ರ ಇಲ್ಲಿ ಮೋಸ ಹೋಗುತ್ತದೆ. ಅಷ್ಟು ಬಿಳಿ ಕಂಡರೆ ಬೆಳಕು ಜಾಸ್ತಿ ಇದೆ ಅಂದುಕೊಂಡು ಎಲ್ಲವನ್ನೂ ಬೂದಿ ಬಣ್ಣ ಮಾಡಿಬಿಡುತ್ತದೆ. ಬೆಳಕು ಏರಿಳಿಸುವ ಎಕ್ಸ್‌ಪೋಷರ್ ಕಂಪೆನ್ಸೇಷನ್ ಅನ್ನು ಪ್ಲಸ್ 0.7ರಿಂದ 1ರವರೆಗೆ ಏರಿಸಿ. ಮಂಜು ಮಂಜಿನ ಹಾಗೇ ಬರುತ್ತದೆ. ಕೊಡೆ ಹಿಡಿದು ಹೋಗುವ ಒಬ್ಬ ಮನುಷ್ಯ, ಬೇಲಿಯ ಮೇಲೆ ಕೂತ ಒಂದು ಹಕ್ಕಿ, ಗದ್ದೆಯ ನಡುವೆ ಒಂದು ಬದು. ಯಾವುದಾದರೂ ಒಂದು ಇರಲಿ. ವಿಮಾ ಕಂಪನಿಯಿಂದ ಹಿಡಿದು ಪುಸ್ತಕದ ಮುಖಪುಟದವರೆಗೆ ಎಲ್ಲರಿಗೂ ಇಂಥದ್ದು ಬೇಕು.

ಕಾಫಿ ಹೂವಿನ ಕಾಲದಲ್ಲಿ ಇದರ ಉಲ್ಟಾ. ಮಾರ್ಚ್, ಏಪ್ರಿಲ್‌ನಲ್ಲಿ ಹೂ ಮಳೆ ಬಿದ್ದು ಸುಮಾರು ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಎರಡು ಮೂರು ದಿನದಲ್ಲಿ ಹೂ ಕಂದುತ್ತದೆ. ಕತ್ತಲೆ ನೆರಳಿನ ಮುಂದೆ ಒಂದು ರೆಂಬೆ ಬಿಳಿ ಹೂ ಹಿಡಿದರೆ ಅದಕ್ಕಿಂತ ಸಿಂಪಲ್ ಬೇರೆ ಇಲ್ಲ. ಆದರೆ ಕ್ಯಾಮೆರಾ ಆ ಕತ್ತಲೆ ನೋಡಿ ಬೆಳಕು ಏರಿಸುತ್ತದೆ, ಹೂವಿನ ಎಸಳೆಲ್ಲ ಸುಟ್ಟು ಬರೀ ಬಿಳಿ ಬೊಟ್ಟಾಗುತ್ತದೆ. ಇಲ್ಲಿ ಮೈನಸ್ ಕಡೆಗೆ ಇಳಿಸಿ. ನೀರಾವರಿ ಇರುವ ತೋಟವಾದರೆ ಸ್ಪ್ರಿಂಕ್ಲರ್ ಬಿಟ್ಟ ದಿನದಿಂದ ಲೆಕ್ಕ ಹಾಕಿಕೊಳ್ಳಬಹುದು, ಮಳೆ ಕಾಯಬೇಕಿಲ್ಲ.

ಮೂರನೇ ಚಿತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಿತ್ತಾಳೆ ಲೋಟದಲ್ಲಿ ಕಾಫಿ, ಸುತ್ತ ಹುರಿದ ಬೀಜ, ಚಕ್ಕೆ, ಚಕ್ರಮೊಗ್ಗು, ದಾಸವಾಳ, ಪುಸ್ತಕ, ಕನ್ನಡಕ. ಲೋಟ ಒಂದು, ನೊರೆ ಚೆನ್ನಾಗಿರಲಿ, ಕಿಟಕಿಯ ಬೆಳಕು ಪಕ್ಕದಿಂದ ಬರಲಿ. ಉಳಿದದ್ದು ತೆಗೆದುಬಿಡಿ. ಚಕ್ಕೆಯನ್ನಂತೂ ತೆಗೆಯಲೇಬೇಕು. ಅದು ಇದ್ದರೆ ನೋಡಿದವರು ಮಸಾಲೆ ಕಾಫಿ ಅಂದುಕೊಳ್ಳುತ್ತಾರೆ. ನಮ್ಮ ಮನೆಗಳಲ್ಲಿ ಯಾರು ಹಾಗೆ ಕುಡಿಯುತ್ತಾರೆ?

ಬಿಳಿ ಹಿನ್ನೆಲೆ ಬೇಕಾ ಅಂತ ಕೇಳಿದ್ದೀರಿ. ಕೆಲವಕ್ಕೆ ಬೇಕು. ಕ್ಯಾಟಲಾಗ್‌ಗೆ, ಲೇಬಲ್‌ಗೆ, ಕತ್ತರಿಸಿ ಬೇರೆ ಕಡೆ ಅಂಟಿಸುವ ಕೆಲಸಕ್ಕೆ. ನೀವು ಕಾಚಂಪುಳಿಯ ಚಿತ್ರ ತೆಗೆಯುವುದಾದರೆ ಅದು ಸರಿಯಾದ ವಿಷಯ. ಹಂದಿ ಕರಿಗೆ ಹಾಕುವ ಆ ಕಪ್ಪು ಹುಳಿಯ ಒಳ್ಳೆಯ ಚಿತ್ರ ಬೇಕು ಅಂದರೆ ನನಗೆ ಸುಲಭಕ್ಕೆ ಸಿಗುವುದಿಲ್ಲ. ಗಾಜಿನ ಬಾಟಲಿಯಲ್ಲಿ ಕಪ್ಪು ದ್ರವ ಇಟ್ಟು ಮುಂದಿನಿಂದ ಬೆಳಕು ಹಾಕಿದರೆ ಗಾಜಿನಲ್ಲಿ ನಿಮ್ಮದೇ ಮುಖ ಕಾಣುತ್ತದೆ. ಬಾಟಲಿಯನ್ನು ಕಿಟಕಿಯ ಮುಂದೆ ಇಡಿ, ಕಿಟಕಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ, ಬೆಳಕು ಹಿಂದಿನಿಂದ ಬರಲಿ. ಬಾಟಲಿಯ ಎರಡೂ ಬದಿಗೆ, ಫ್ರೇಮಿನಿಂದ ಆಚೆ, ಕಪ್ಪು ರಟ್ಟು ನಿಲ್ಲಿಸಿ. ಗಾಜಿನ ಅಂಚು ಗೆರೆ ಎಳೆದ ಹಾಗೆ ಬರುತ್ತದೆ. ಚಮಚದಿಂದ ಸುರಿಯುವಾಗ ಅದರ ಗಟ್ಟಿತನ ಕಾಣುತ್ತದೆ. ಆ ಒಂದು ಧಾರೆಯ ಚಿತ್ರ ಇಡೀ ಬಾಟಲಿಗಿಂತ ಜಾಸ್ತಿ ತಿಳಿಸುತ್ತದೆ. ಕಣದಲ್ಲಿ ಒಣಗಲು ಹಾಕಿದ ಕಾಫಿಯನ್ನು ನೇರ ಮೇಲಿನಿಂದ, ಅಂಚು ಕಾಣದ ಹಾಗೆ ತೆಗೆದಿಡಿ. ಅದು ಹಿನ್ನೆಲೆಗೆ ಅಂತಲೇ ಹೋಗುತ್ತದೆ.

ಹಾಗಾದರೆ ಕೊಡಗಿನದು ಅಂತ ಹೇಗೆ ಗೊತ್ತಾಗಬೇಕು? ಒಂದು ಗುರುತು ಸಾಕು. ಕೊಡವ ಸೀರೆ ಉಟ್ಟವರು, ಹಿಂದೆ ಐನ್‌ಮನೆ (ಕೊಡವ ಕುಟುಂಬದ ಮೂಲಮನೆ), ಕೈಯಲ್ಲಿ ಕಾಫಿ, ಮೂಲೆಯಲ್ಲಿ ಕಿತ್ತಳೆ ಬುಟ್ಟಿ ಎಲ್ಲ ಒಟ್ಟಿಗೆ ತುಂಬಿದರೆ ಅದು ಪ್ರವಾಸೋದ್ಯಮದ ಫ್ಲೆಕ್ಸ್ ಆಗುತ್ತದೆ. ಬ್ರೆಜಿಲಿನ ಬಹುಪಾಲು ಕಾಫಿ ನೆರಳಿಲ್ಲದ ಬಯಲಲ್ಲಿ ಸಾಲಾಗಿ ಬೆಳೆಯುತ್ತದೆ. ನಮ್ಮದು ಮರದ ನೆರಳಿನಲ್ಲಿ, ಆ ಮರಕ್ಕೆ ಒಳ್ಳೆಮೆಣಸು ಹಬ್ಬಿರುತ್ತದೆ. ಹಣ್ಣಿನ ಹಿಂದೆ ಮಸುಕಾಗಿ ಆ ಬಳ್ಳಿ ಹಬ್ಬಿದ ಕಾಂಡ ಒಂದು ಕಂಡರೂ ಗೊತ್ತಿರುವವರಿಗೆ ಗೊತ್ತಾಗುತ್ತದೆ. ಗೊತ್ತಿಲ್ಲದವರಿಗೆ ಶೀರ್ಷಿಕೆ ಇದೆ, ಕೀವರ್ಡ್ (ಹುಡುಕುವ ಪದ) ಇದೆ. ಕೊಡಗು, ಕೂರ್ಗ್ ಎರಡೂ ಹೆಸರು ಹಾಕಿ. ಜನ ಎರಡರಲ್ಲೂ ಹುಡುಕುತ್ತಾರೆ.

ಕೀವರ್ಡ್ ಅಂದದ್ದಕ್ಕೆ ಹೇಳುತ್ತೇನೆ. ಅಡೋಬಿ ಸ್ಟಾಕ್‌ನಲ್ಲಿ 49ರವರೆಗೆ, ಶಟರ್‌ಸ್ಟಾಕ್‌ನಲ್ಲಿ 50ರವರೆಗೆ ಹಾಕಬಹುದು. ಹಾಕಬಹುದು ಅಂತ ಹಾಕಬೇಡಿ. ಅಡೋಬಿಯಲ್ಲಿ ಮೊದಲ ಹತ್ತಕ್ಕೆ ತೂಕ ಜಾಸ್ತಿ, ಅಲ್ಲಿ ಚಿತ್ರದಲ್ಲಿ ನಿಜವಾಗಿ ಇರುವುದನ್ನೇ ಬರೆಯಿರಿ. ಮಂಜಿನಲ್ಲಿ ಒಂಟಿ ಮರ ಇದ್ದರೆ ಮರ, ಮಂಜು, ಒಂಟಿ, ಮಳೆಗಾಲ, ಕೊಡಗು, ಜಾಗ ಬಿಟ್ಟ ಹಿನ್ನೆಲೆ. ಕಾಫಿ ಅಂತ ಸೇರಿಸಿದರೆ ಕಾಫಿ ಹುಡುಕುವವರು ಬಂದು ಹಾಗೇ ಹೋಗುತ್ತಾರೆ.

ತುಂಬ ಸ್ಪಷ್ಟ ಮಾಡಲು ಹೋಗಿ ಸವಕಲಾಗುವ ಅಪಾಯವೂ ಇದೆ. ಕೈ ಕುಲುಕುವ ಸೂಟುಗಳು, ತಲೆಯ ಮೇಲೆ ಬಲ್ಬು, ಸಲಾಡ್ ನೋಡಿ ನಗುವ ಹುಡುಗಿ. ಇವು ಅರ್ಥವಾಗುತ್ತವೆ, ಯಾರೂ ನಂಬುವುದಿಲ್ಲ. ನಿಮ್ಮ ಚಿತ್ರಕ್ಕೆ ಆ ಭಯ ಕಡಿಮೆ, ಯಾಕೆಂದರೆ ನಿಮ್ಮ ಹತ್ತಿರ ನಿಜವಾದ ತೋಟ ಇದೆ. ಎಐಯಿಂದ ಮಾಡಿದ ಕಾಫಿ ಗಿಡಗಳನ್ನು ನೋಡಿ. ಎಷ್ಟೋ ಸಲ ಹಣ್ಣು ರೆಂಬೆಯ ತುದಿಯಲ್ಲಿ ಚೆರ್ರಿ ಹಣ್ಣಿನ ಹಾಗೆ ಜೋತಾಡುತ್ತಿರುತ್ತದೆ. ಕಾಫಿಯಲ್ಲಿ ಎಲೆ ಎದುರುಬದುರು ಜೋಡಿ, ಹಣ್ಣು ಆ ಗಿಣ್ಣಿಗೇ ಅಂಟಿಕೊಂಡಿರುತ್ತದೆ. ನಿಮ್ಮ ಚಿತ್ರದಲ್ಲಿ ಆ ಗಿಣ್ಣು ಸ್ಪಷ್ಟವಾಗಿ ಕಾಣಲಿ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಕೊಯ್ಲಿನ ಚಿತ್ರದಲ್ಲಿ ಆ ಇಬ್ಬರ ಮುಖ ಚೆನ್ನಾಗಿ ಕಾಣುತ್ತದೆ. ಜಾಹೀರಾತಿಗೆ ಮಾರಬೇಕಾದರೆ ಮಾಡೆಲ್ ರಿಲೀಸ್, ಅಂದರೆ ತಮ್ಮ ಚಿತ್ರ ಬಳಸಲು ಒಪ್ಪಿಗೆ ಕೊಡುವ ಪತ್ರಕ್ಕೆ ಅವರ ಸಹಿ ಬೇಕು. ಮಕ್ಕಳಾದರೆ ತಂದೆ ಅಥವಾ ತಾಯಿಯ ಸಹಿ. ಈಗ ನಮ್ಮ ತೋಟಗಳಿಗೆ ಅಸ್ಸಾಂ ಕಡೆಯಿಂದ ಬಂದವರೂ ಬಹಳ. ಇಂಗ್ಲಿಷ್ ಕಾಗದಕ್ಕೆ ಸುಮ್ನೆ ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ. 'ನಿಮ್ಮ ಮುಖ ಯಾವುದೋ ದೇಶದ ಜಾಹೀರಾತಿನಲ್ಲಿ ಬರಬಹುದು, ಆಮೇಲೆ ವಾಪಸ್ ತೆಗೆಯಲು ಆಗದೇ ಹೋಗಬಹುದು' ಅಂತ ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿ. ಒಪ್ಪಿದರೆ ಅವರ ಸಮಯಕ್ಕೆ ದುಡ್ಡು ಕೊಡಿ. ನೀವು ಕೂಲಿ ಕೊಡುವವರು, ಅವರು ಬೇಡ ಅನ್ನುವುದು ಕಷ್ಟ ಅನ್ನುವುದೂ ನೆನಪಿರಲಿ. ನಾನ್ಯಾಕೆ ಕೈಯ ಚಿತ್ರವೇ ಸಾಕು ಅಂದೆ ಅಂತ ಈಗ ಗೊತ್ತಾಗಿರಬೇಕು. ಯಾರೆಂದು ಗುರುತು ಸಿಗದ ಕೈಗೆ ರಿಲೀಸ್ ಬೇಡ. ಹಚ್ಚೆ ಇದ್ದರೆ ಮಾತ್ರ ಅದೂ ಗುರುತೇ.

ಐನ್‌ಮನೆಯ ಒಳಗೆ ಹೊರಗೆ ತೆಗೆದರೆ ಕುಟುಂಬದ ಹಿರಿಯರ ಒಪ್ಪಿಗೆ ಪತ್ರ ಇರಲಿ. ಅರಣ್ಯ ಇಲಾಖೆಯ ಜಾಗದಲ್ಲಿ ಮಾರಾಟಕ್ಕೆ ಅಂತ ತೆಗೆಯುವುದಾದರೆ ಅನುಮತಿ ಕೇಳಿ. ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳ ಜನಸಂದಣಿಯ ಚಿತ್ರಗಳನ್ನು ಎಡಿಟೋರಿಯಲ್ ವಿಭಾಗಕ್ಕೆ ಹಾಕಿ. ಊರು, ದಿನಾಂಕ, ಏನು ನಡೆಯುತ್ತಿದೆ ಅಂತ ನಿಜ ಬರೆದರೆ ಸಾಕು. ಪತ್ರಿಕೆಗಳು ಬಳಸಬಹುದು, ಜಾಹೀರಾತಿಗೆ ಬರುವುದಿಲ್ಲ.

ದುಡ್ಡಿನ ಬಗ್ಗೆ ಆಸೆ ದೊಡ್ಡದು ಬೇಡ. ಅಡೋಬಿ ಫೋಟೋ ಮಾರಿದ ದುಡ್ಡಿನಲ್ಲಿ 33 ಶೇಕಡಾ ನಿಮಗೆ ಕೊಡುತ್ತದೆ. ಶಟರ್‌ಸ್ಟಾಕ್‌ನಲ್ಲಿ 15ರಿಂದ 40 ಶೇಕಡಾ, ಎಷ್ಟು ಮಾರಾಟವಾಯಿತು ಅನ್ನುವುದರ ಮೇಲೆ. ಪ್ರತಿ ಜನವರಿಗೆ ಮತ್ತೆ ಕೆಳಗಿನ ಮೆಟ್ಟಿಲಿಗೆ ಬರುತ್ತೀರಿ. ಚಂದಾ ಕಟ್ಟಿದವರು ಇಳಿಸಿಕೊಂಡರೆ ಒಂದು ಚಿತ್ರಕ್ಕೆ ಸಿಗುವುದು ಕೆಲವೇ ಸೆಂಟು. ನಿಮ್ಮ ಚಿತ್ರಗಳನ್ನು ಇಲ್ಲಿಯ ಕಾಫಿ ಪುಡಿ ಅಂಗಡಿಗೆ, ಹೋಂಸ್ಟೇಗೆ ನೇರವಾಗಿ ತೋರಿಸುವುದರಲ್ಲಿ ಜಾಸ್ತಿ ಲಾಭ ಇದ್ದೀತು.

ಕ್ಯಾಮೆರಾ ಹೊಸದು ಬೇಡ. ಈ ಎರಡೂ ಸೈಟುಗಳು ಕೇಳುವುದು ಕನಿಷ್ಠ 4 ಮೆಗಾಪಿಕ್ಸೆಲ್, ನಿಮ್ಮದು 24. ಎಸ್‌ಆರ್‌ಜಿಬಿ ಬಣ್ಣದಲ್ಲಿ, ಜೆಪೆಗ್ ಆಗಿ, ಪೂರ್ತಿ ಗಾತ್ರದಲ್ಲಿ ಕಳಿಸಿ. ಏನಾದರೂ ಕೊಳ್ಳಲೇಬೇಕು ಅಂದರೆ ಸರ್ಕ್ಯುಲರ್ ಪೋಲರೈಸರ್ ಫಿಲ್ಟರ್ ತಗೊಳ್ಳಿ. ಕಾಫಿ ಎಲೆ ಮೊದಲೇ ಮಿಣಮಿಣ, ಮಳೆಯಲ್ಲಿ ನೆನೆದರೆ ಪ್ರತಿ ಎಲೆಯೂ ಆಕಾಶವನ್ನು ತಿರುಗಿಸಿ ಬಿಳಿ ತೇಪೆ ತೋರಿಸುತ್ತದೆ. ಫಿಲ್ಟರನ್ನು ಲೆನ್ಸಿಗೆ ಹಾಕಿ ನಿಧಾನ ತಿರುಗಿಸುತ್ತಾ ನೋಡಿ. ಒಂದು ಜಾಗದಲ್ಲಿ ಆ ಬಿಳಿ ಕಳೆದು ಎಲೆಯ ಹಸಿರು ಗಟ್ಟಿಯಾಗುತ್ತದೆ, ಹಣ್ಣಿನ ಕೆಂಪೂ ಕೂಡ. ಒಂದರಿಂದ ಎರಡು ಸ್ಟಾಪ್ ಬೆಳಕು ತಿನ್ನುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ), ಹಾಗಾಗಿ ನೆರಳಿನ ತೋಟದಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಬೇಕಾಗುತ್ತದೆ, ಇಲ್ಲವೇ ಟ್ರೈಪಾಡ್ ಹೊರಬೇಕು. ಕೊಳ್ಳುವ ಮೊದಲು ನಿಮ್ಮ ಲೆನ್ಸಿನ ಮುಂಭಾಗದ ಅಳತೆ ನೋಡಿಕೊಳ್ಳಿ, ಅದು ಲೆನ್ಸಿನ ಮೇಲೇ ಮಿಲಿಮೀಟರಿನಲ್ಲಿ ಬರೆದಿರುತ್ತದೆ.